ಅಪ್ಪ ಕೂಡಿಸಿದ ಹೂಜಿಗಿಡ

ಆ ಕಾಲದಲ್ಲಿ ಉರಿಗಾಂನ ಕೂಲಿ ಲೈನ್ ಮನೆಗಳ ಮಕ್ಕಳನ್ನು ಎಬ್ಬಿಸುತ್ತಿದ್ದುದು ಚಿನ್ನದ ಗಣಿಯ ಸೈರನ್ನು. ನನ್ನನ್ನು ಎಬ್ಬಿಸುತ್ತಿದ್ದುದು ಅಪ್ಪನ ಕೆಮ್ಮು. ಗಣಿಯ ದೂಳು ಎದೆಗಿಳಿದ ಮೇಲೆ ಅವನಿಗೆ ಇಂಗ್ಲಿಷ್ ದೊರೆಯೊಬ್ಬರ ಬಂಗಲೆಯಲ್ಲಿ ತೋಟದ ಕೆಲಸ ಕೊಟ್ಟಿದ್ದರು.

ಅಲ್ಲಿನ ಗಾಜಿನ ಮನೆಯ ತುಂಬ ದೊರೆ ಹಡಗಿನಲ್ಲಿ ತರಿಸಿದ ಹೂಜಿಗಿಡಗಳು. ಎಲೆಯ ತುದಿಗೆ ಜೋತ, ಮುಚ್ಚಳವಿರುವ ಹೂಜಿ. ಒಳಗೆ ಜಾರಿದ ಇರುವೆ, ನೊಣಗಳೇ ಗಿಡಕ್ಕೆ ಊಟ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಂದು ಜಾತಿಯ ಪರಾಗವನ್ನು ಇನ್ನೊಂದರ ಹೂವಿಗೆ ಕುಂಚದಿಂದ ಸವರಿ ಹೊಸ ತಳಿ ಮಾಡುವುದನ್ನು ಅಪ್ಪ ಕಲಿತ. ಕೂದಲೆಳೆಯಂಥ ಬೀಜ ಬಿತ್ತುವಾಗ ಕೆಮ್ಮು ಬಂದರೆ ಹೊರಗೆ ಓಡುತ್ತಿದ್ದ.

ದೊರೆ ತಮ್ಮ ದೇಶಕ್ಕೆ ಹೊರಟಾಗ ಅಪ್ಪನೇ ಕೂಡಿಸಿದ ತಳಿಯ ಸಸಿಯೊಂದನ್ನು ಅವನ ಕೈಗಿಟ್ಟರು. ನಮ್ಮ ಜಗಲಿಯ ಮೇಲೆ, ಒದ್ದೆ ಗೋಣಿಯ ಮರೆಯಲ್ಲಿ ಅದು ನಿಧಾನವಾಗಿ ಬೆಳೆಯಿತು. ಬಂದ ಹೂಜಿಗಳೆಲ್ಲ ಕಾಳಿನಷ್ಟು. ದೊಡ್ಡ ಹೂಜಿ ಯಾವ ಬಣ್ಣದ್ದಾದೀತೆಂದು ಅಪ್ಪ ಎರಡು ವರ್ಷ ಕಾದ.

"ನಲ್ಲಿ ನೀರು ಒಂದು ತೊಟ್ಟೂ ಆಕ್ಬೇಡ ಕಣೇ, ಸತ್ತೋಯ್ತದೆ" ಅನ್ನುತ್ತಿದ್ದ. ಮಳೆನೀರು ನಿಲ್ಲುವ ಬಂಡೆಯ ದೊಣೆಗೆ ಬಿಂದಿಗೆ ಹಿಡಿದು ದಿನಾ ಹತ್ತುತ್ತಿದ್ದವಳು ನಾನು.

ಆ ಬೇಸಿಗೆ ಅಮ್ಮ ಹೆರಿಗೆಗೆಂದು ಕ್ಯಾಸಂಬಳ್ಳಿಯ ತವರಿಗೆ ಹೋದಳು. ಮುದ್ದೆ, ಹುರುಳಿ ಸಾರು, ಅಪ್ಪನ ಕಷಾಯ, ಎಲ್ಲ ಹನ್ನೊಂದು ವರ್ಷದ ನನ್ನ ಮೇಲೆ ಬಿತ್ತು. ಹೊರಗೆ ಗೆಳತಿಯರು ಕುಂಟೆಬಿಲ್ಲೆ ಆಡುತ್ತಿದ್ದರೂ ನನಗೆ ಆಡುವ ಆಸೆಯೇ ಇರಲಿಲ್ಲ, ಕೂತರೆ ಸಾಕಾಗಿತ್ತು. ಒಂದು ಸಂಜೆ ಬೀದಿ ನಲ್ಲಿಯಲ್ಲೇ ಬಿಂದಿಗೆ ತುಂಬಿ ತಂದು ಗಿಡಕ್ಕೆ ಹುಯ್ದೆ.

"ದೊಣೆ ನೀರೇನೇ?" ಅಂದ ಅಪ್ಪ.

"ಊಂ ಕಣಪ್ಪ."

ಮರುದಿನವೂ ಹಾಗೇ ಮಾಡಿದೆ, ಆಮೇಲೆ ದಿನಾ. ಕೊನೆಗೂ ಬೆರಳುದ್ದದ ಹೂಜಿಯೊಂದು ಮೂಡಿತ್ತು. ಮುಚ್ಚಳ ತೆರೆಯುವ ಮೊದಲೇ ಅದು ಕಪ್ಪಾಗಿ ಜೋತುಬಿತ್ತು, ಎಲೆಗಳೂ ಸುಟ್ಟಂತಾದವು. ಅಳುತ್ತ ನಿಜ ಹೇಳಿದೆ.

"ಗೊತ್ತು ಕಣೇ. ಬಿಂದಿಗೆ ತಳದಾಗೆ ನಲ್ಲಿ ನೀರಿನ ಬಿಳೀ ಉಪ್ಪು ಕುಂತಿತ್ತು."

"ಮತ್ತೆ ಯಾಕಪ್ಪ ಬಯ್ಲಿಲ್ಲ?"

"ನಿನ್ನ ಸುಸ್ತಾದ ಮುಖ ನೋಡಿದ್ರೆ ಬಂಡೆ ಏರು ಅನ್ನಕ್ಕೆ ಮನಸ್ಸು ಬರ್ಲಿಲ್ಲ. ಓಗ್ಲಿ ಬಿಡು. ನೀನು ಒಸಿ ಮಲಗು."

ಆ ಸಂಜೆ ಮುದ್ದೆ ತೊಳಸಿದವನು ಅಪ್ಪ. ನಡುವೆ ಮೂರು ಸಲ ಗೋಡೆಗೊರಗಿ ಉಸಿರು ತೆಗೆದುಕೊಂಡ.

ಮುಂದಿನ ಮಳೆಗಾಲಕ್ಕೆ ಅವನಿರಲಿಲ್ಲ. ಯಾವ ಎರಡು ಗಿಡ ಕೂಡಿಸಿದ್ದನೆಂದು ನಾನು ಕೇಳಿಯೂ ಇರಲಿಲ್ಲ. ಈಗ ನರ್ಸರಿಗಳಲ್ಲಿ ಹೂಜಿಗಿಡಗಳು ಸಾಲಾಗಿ ತೂಗುತ್ತವೆ: ಕೆಂಪು, ಹಸಿರು, ಚುಕ್ಕೆಯವು. ಮೊಮ್ಮಗಳು ಎಳೆದಳೆಂದು ಹೋಗಿ ನಿಲ್ಲುತ್ತೇನೆ. ಅಪ್ಪನದು ಇವುಗಳಲ್ಲಿ ಯಾವುದನ್ನು ಹೋಲುತ್ತಿತ್ತೋ, ಹೇಳಬಲ್ಲವರು ಯಾರೂ ಉಳಿದಿಲ್ಲ.