ಎಡಗೈಗೆ ಎಟುಕುವ ಹಿಡಿಕೆ

ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ನಾಲ್ಕಿದ್ದವು. ಐವತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಮುದ್ದೇಬಿಹಾಳದಲ್ಲಿ ಕರೆಂಟು ಕಂಡ ಮನೆಗಳೇ ಬೆರಳೆಣಿಕೆಯಷ್ಟು. ಇವು ಕೈಯಿಂದಲೋ ಕಾಲಿನಿಂದಲೋ ನಡೆಸುವ, ಬ್ರಿಟಿಷ್ ಸಾಹೇಬರು ಬಿಟ್ಟುಹೋದ ಮುದಿ ಯಂತ್ರಗಳು. ಓಣಿಯವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದರು. ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುವವಳ ಬಗ್ಗೆ ಹಾಗೆ ಮಾತಾಡುವುದು ಅವರಿಗೆ ತುಸು ಖುಷಿಯನ್ನೂ ಕೊಟ್ಟಿರಬೇಕು. ನಾನು ತಿದ್ದಲು ಹೋಗಲಿಲ್ಲ. ಆಗ ನನಗೆ ಯಾರು ಏನಂದರೂ ತಾಗುತ್ತಿರಲಿಲ್ಲ.

ನನ್ನ ಯಜಮಾನರು ಮಾಮಲೇದಾರ ಕಚೇರಿಯಲ್ಲಿ ಕಾರಕೂನರಾಗಿದ್ದರು. ಒಂದು ದಿನ ಊಟಕ್ಕೆ ಕುಳಿತಲ್ಲೇ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಮಾತು ತೊದಲಾಯಿತು, ಆಮೇಲೆ ತಾವೇ ಮಾತು ಬಿಟ್ಟರು. ಹೊರಸಿನ ಮೇಲೆ ಮಲಗಿ ಮಾಳಿಗೆಯ ಜಂತಿ ನೋಡುತ್ತಿದ್ದರು. ಎಲ್ಲವೂ ಹಾಸಿಗೆಯಲ್ಲೇ ಆಗುತ್ತಿತ್ತು. ಮೊದಮೊದಲು ಅಗಸರ ಮನೆಯಾಕೆ ಹಾಸಿಗೆಯ ಬಟ್ಟೆ ಒಯ್ಯುತ್ತಿದ್ದಳು. ಕೆಲವು ತಿಂಗಳು ಕಳೆದ ಮೇಲೆ, ಉಳಿದ ಬಟ್ಟೆ-ಅರಬಿ ಕೊಡಿ, ಅವು ಮಾತ್ರ ಬೇಡ ಎಂದು ನೆಲ ನೋಡುತ್ತ ಹೇಳಿದಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿದ್ದ ನನಗೆ ಅಂದು ಸಿಟ್ಟೂ ಬರಲಿಲ್ಲ. ಅಲ್ಲಿಂದ ಸಾಲೆಗೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ನಾನೇ ಒಗೆದೆ. ಐದು ವರ್ಷ ಒಗೆದೆ. ದುಃಖವಿತ್ತೇ ಎಂದು ಕೇಳಿದರೆ ಇಲ್ಲ ಎನ್ನಬೇಕು. ಸೋಡಾ ಇತ್ತು, ಬಿಸಿನೀರಿತ್ತು, ಅಷ್ಟೇ.

ಮೊದಲ ಯಂತ್ರ ಅವರ ಕಚೇರಿಯ ಅಂಗಳದಲ್ಲೇ ಸಿಕ್ಕಿತು. ಹಳೆಯ ಬಂಗಲೆಯ ಬೇಡಾದ ಸಾಮಾನುಗಳ ಲಿಲಾವು ನಡೆದಿತ್ತು. ಕಾಲುಗಳ ಮೇಲೆ ನಿಂತ ಕಟ್ಟಿಗೆಯ ಪೀಪಾಯಿ, ಮುಚ್ಚಳದ ಮೇಲೊಂದು ಹಿಡಿಕೆ, ಒಳಗೆ ಎಮ್ಮೆಯ ಮೊಲೆಗಳ ಹಾಗೆ ಇಳಿಬಿದ್ದ ನಾಲ್ಕು ಗೂಟ. ಬೆಣ್ಣೆ ಕಡೆಯುವ ಸಾಧನವೆಂದು ತಿಳಿದು ಒಬ್ಬ ಗೌಡರು ಸವಾಲಿಗಿಳಿದಿದ್ದರು. ಇದರಲ್ಲಿ ಸಾಹೇಬ ಚಡ್ಡಿ ಒಗೆಸುತ್ತಿದ್ದ ಎಂದು ಕಚೇರಿಯ ಮುದುಕ ಪಟ್ಟೇವಾಲ ಹೇಳಿದ್ದೇ ತಡ, ಹಿಂದೆ ಸರಿದರು. ನಾನು ಕೊಂಡೆ.

ಮನೆಗೆ ತಂದು ಹೊರಸಿನ ಪಕ್ಕದಲ್ಲಿಟ್ಟು, ನೀರು ಹಾಕಿ ತಿರುಗಿಸಿದೆ. ಯಜಮಾನರು ಜಂತಿ ಬಿಟ್ಟು ಅದರತ್ತ ಮುಖ ಹೊರಳಿಸಿದರು. ಎಡಗೈ ಚಾಚಿದರು. ಹಿಡಿಕೆ ಎತ್ತರದಲ್ಲಿತ್ತು, ಬೆರಳು ತಾಗಿತು, ಹಿಡಿಯಲಾಗಲಿಲ್ಲ. ಮತ್ತೆ ಚಾಚಿದರು. ಅರ್ಧ ತಾಸು ಅದನ್ನೇ ಮಾಡಿದರು. ಬಡಿಗೇರನನ್ನು ಕರೆಸಿ ಯಂತ್ರದ ಕಾಲು ಕೊಯ್ಯಿಸಿದೆ. ಹಿಡಿಕೆ ಎಟುಕಿತು, ಮಲಗಿದಲ್ಲಿಂದ ಅದನ್ನು ತಿರುವಲು ಬಲ ಸಾಲಲಿಲ್ಲ. ಐದು ವರ್ಷದಲ್ಲಿ ಅವರು ಏನನ್ನಾದರೂ ಬಯಸಿದ್ದು ಅದೊಂದೇ. ಪಾಪ, ಹೊತ್ತು ಹೋಗುತ್ತಿಲ್ಲ, ಆಟಕ್ಕೆ ಬೇಕಾಗಿದೆ ಎಂದುಕೊಂಡೆ. ಅವರ ಎಡಗೈಯಿಂದ ನಡೆಯುವಂಥದ್ದು ಎಲ್ಲಾದರೂ ಇದ್ದೀತೆಂದು ರವಿವಾರದ ಬಸ್ಸು ಹತ್ತತೊಡಗಿದೆ.

ಸಿಂದಗಿಯ ಹತ್ತಿ ಜಿನ್ನಿಂಗ್ ಮಿಲ್ಲಿನ ಹಿತ್ತಲಲ್ಲಿ ಒಂದು ತಗಡಿನದು ಸಿಕ್ಕಿತು. ಅದರಲ್ಲಿ ಎತ್ತುಗಳು ನೀರು ಕುಡಿಯುತ್ತಿದ್ದವು. ಕಾಲಿನಿಂದ ತುಳಿಯುವ ಯಂತ್ರವೆಂದು ಗೊತ್ತಿದ್ದೂ ತಂದೆ. ಯಾಕೆ ತಂದೆನೋ ಈಗಲೂ ಹೇಳಲಾರೆ. ಬರಿಗೈಯಲ್ಲಿ ಬಸ್ಸು ಹತ್ತಲು ಮನಸ್ಸಾಗಲಿಲ್ಲ.

ಇಂಡಿಯಲ್ಲಿ ಲಿಂಬೆಹಣ್ಣಿನ ವ್ಯಾಪಾರ ಮಾಡುತ್ತಿದ್ದ ಮುಸಲ್ಮಾನ ಹಿರಿಯರೊಬ್ಬರ ಮನೆಯಲ್ಲಿ ಮೂರನೆಯದಿತ್ತು. ಪಕ್ಕದಲ್ಲಿ ಕೈಯಿಂದ ತಿರುಗಿಸುವ ಗಾಲಿ ಇರುವಂಥದ್ದು. ಮುಂಬಯಿಗೆ ಕಳಿಸುವ ಹಣ್ಣನ್ನು ಅವರು ಅದರಲ್ಲಿ ತೊಳೆಯುತ್ತಿದ್ದರು, ಕೊಡುವ ಮಾತೇ ಇಲ್ಲ ಎಂದರು. ನಾನು ಬೇಡಿಕೊಳ್ಳಲಿಲ್ಲ, ಅದು ಯಾರಿಗಾಗಿ ಬೇಕು ಎಂಬುದನ್ನಷ್ಟೇ ಹೇಳಿ ಎದ್ದೆ. ಓಣಿಯ ತುದಿಗೆ ಬರುವಷ್ಟರಲ್ಲಿ ಹಿಂದಿನಿಂದ ಅವರೇ ಕರೆದರು.

"ಅಕ್ಕೋರ್ರಿ, ನಮ್ಮ ಲಿಂಬಿ ನಾವು ಕೈಲೆ ತೊಳಕೊಂತೀವ್ರಿ. ಒಯ್ಯರಿ."

ಅಂಥ ಮಾತಿಗೆ ಕಣ್ಣಾದರೂ ಒದ್ದೆಯಾಗಬೇಕಿತ್ತು. ಆಗಲಿಲ್ಲ. ಯಂತ್ರವನ್ನು ಬಸ್ಸಿನ ಮೇಲೆ ಹೇರಿಸಿ, ಹಗ್ಗ ಸರಿಯಾಗಿ ಬಿಗಿದಿದ್ದಾರೋ ಇಲ್ಲವೋ ಎಂದು ನೋಡಿದೆ. ಮನೆಯಲ್ಲಿ ಯಜಮಾನರು ಗಾಲಿ ಹಿಡಿದರು, ಅರ್ಧ ಸುತ್ತು ತಂದರು. ಮೇಲಕ್ಕೆತ್ತುವಾಗ ಕೈ ಸೋತು ಬಿತ್ತು. ಆ ದಿನ ಅವರು ಊಟ ಮಾಡಲಿಲ್ಲ.

ನಾಲ್ಕನೆಯದರ ಸುದ್ದಿ ಬಸವನ ಬಾಗೇವಾಡಿಯಿಂದ ಬಂತು. ವಿಜಾಪುರದ ಸಾಹೇಬನೊಬ್ಬನ ಹತ್ತಿರ ಅಡಿಗೆಯವನಾಗಿದ್ದವನ ವಿಧವೆ ಅದರಲ್ಲಿ ಜೋಳ ತುಂಬಿಟ್ಟಿದ್ದಳು. ತಳ ಗುಂಡಗಿದ್ದ ತೊಟ್ಟಿ, ಬದಿಗೊಂದು ಉದ್ದನೆಯ ಹಿಡಿಕೆ. ತಳ್ಳಿದರೆ ಇಡೀ ತೊಟ್ಟಿ ತೂಗುತ್ತಿತ್ತು, ಬಿಟ್ಟರೆ ತಾನೇ ಮರಳುತ್ತಿತ್ತು. ಜೋಳಕ್ಕೆ ಬೇರೆ ಡಬ್ಬಿ ಕೊಡಿಸಿದ ಮೇಲೆ ಮುದುಕಿ ಬಿಟ್ಟುಕೊಟ್ಟಳು.

ಹೊರಸಿನ ಎಡಕ್ಕೆ ಇಟ್ಟು ಬಿಸಿನೀರು, ಸೋಡಾ ಹಾಕಿದೆ. ಯಜಮಾನರು ಹಿಡಿಕೆ ಹಿಡಿದು ತಳ್ಳಿದರು. ತೊಟ್ಟಿ ತೂಗಿತು. ಮತ್ತೆ ತಳ್ಳಿದರು, ಮತ್ತೆ ತೂಗಿತು. ಆಮೇಲೆ ಹಿಡಿಕೆ ಬಿಟ್ಟು, ತಮ್ಮ ಕೆಳಗಿದ್ದ ಹೊಲಸು ಬಟ್ಟೆಯನ್ನು ಎಡಗೈಯಿಂದಲೇ ಎಳೆಯತೊಡಗಿದರು. ಸಹಾಯಕ್ಕೆ ಬಾಗಿದೆ. ನನ್ನ ಕೈ ಸರಿಸಿದರು. ಎಷ್ಟೋ ಹೊತ್ತು ಹಿಡಿಯಿತು, ಬಟ್ಟೆ ತೊಟ್ಟಿಗೆ ಬಿತ್ತು. ಉಸಿರು ಸುಧಾರಿಸಿಕೊಂಡು, ತೊದಲುತ್ತ, ಒಂದೊಂದೇ ಮಾತು ಹೊರಡಿಸಿದರು.

"ನಂದು ಇನ್ನ ನೀ ಮುಟ್ಟಬ್ಯಾಡ. ಬಾಗಲಾ ಮುಂದ ಮಾಡಕೊಂಡು ಹೊರಗ ಹೋಗು."

ಬಾಗಿಲು ಎಳೆದುಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಐದು ವರ್ಷ ಆ ಬಾಗಿಲು ತೆರೆದೇ ಇತ್ತು. ಮೊಸರಿಗೆ ಹೆಪ್ಪು ಕೇಳಲು ಬಂದವರೊಂದಿಗೆ ನಾನು ಯಜಮಾನರ ಹೊಲಸು ಬಟ್ಟೆ ಕೈಯಲ್ಲಿ ಹಿಡಿದೇ ಮಾತಾಡಿದ್ದೆ, ಇವತ್ತು ಇದು ಮೂರನೆಯ ಬಟ್ಟೆ ನೋಡಿ ಎಂದಿದ್ದೆ. ಅವರು ಜಂತಿ ನೋಡುತ್ತ ಎಲ್ಲ ಕೇಳಿಸಿಕೊಂಡಿದ್ದರು. ನಾನು ಮರಗಟ್ಟಿದ್ದೆ, ಅವರೂ ಮರಗಟ್ಟಿದ್ದಾರೆ ಎಂದು ನಂಬಿದ್ದೆ. ನಾಚಿಕೆಯಾಯಿತು. ಎಷ್ಟೋ ವರ್ಷಗಳ ನಂತರ ನನಗೆ ಏನಾದರೂ ಆಗಿದ್ದೆಂದರೆ ಅದೇ, ಅದೂ ಸುಡುವಂಥ ನಾಚಿಕೆ.

ಒಳಗೆ ತೊಟ್ಟಿ ತೂಗುವ ಸದ್ದು ನಡೆದಿತ್ತು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಎದುರುಮನೆಯಾಕೆ ಬಟ್ಟಲು ಹಿಡಿದು ಯಾವಾಗಿನಂತೆ ಒಳಗೆ ನುಗ್ಗಲು ಬಂದಳು. ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ.

"ಈಗ ಬ್ಯಾಡ್ರಿ," ಎಂದೆ. "ಒಳಗ ಅವರು ಕೆಲಸದಾಗ ಅದಾರ."