ಗಾಳಿ ಹೋಗುವ ಕಡೆಯ ಹೆಸರು

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಕೆಳಗಿನ ಮಾತು. ವಯಸ್ಸು ಆಧಾರ ಕಾರ್ಡಿನಲ್ಲಿ ಬರೆದದ್ದು, ಖರೇ ಎಷ್ಟೋ ಬರೆದವನಿಗೂ ಗೊತ್ತಿರಲಿಲ್ಲ. ಆಗಲೂ ಈಗಲೂ ಮುಂಜಾನೆ ಎದ್ದ ಕೂಡಲೆ ಅಂಗಳಕ್ಕೆ ಬಂದು, ಒಂದು ಚಿಟಿಕೆ ಜೋಳದ ಹೊಟ್ಟನ್ನು ತಲೆಯ ಎತ್ತರದಿಂದ ಬಿಡುವುದು ನನ್ನ ಚಾಳಿ. ಅದು ಯಾವ ಕಡೆ ಬೀಳುತ್ತದೆ ಎಂದು ನೋಡಿದ ಮೇಲೆಯೇ ಚಹಾ. ಮನೆಯವರು ನಗುತ್ತಾರೆ. ನಗಲಿ. ರಾಶಿ ಮಾಡುವುದಕ್ಕೆ ಈಗ ಮಷೀನು ಬಂದಿದೆ, ಅದಕ್ಕೆ ಗಾಳಿ ಬೇಕಿಲ್ಲ. ಆದರೆ ಐವತ್ತು ವರ್ಷ ಗಾಳಿಯ ದಾರಿ ಕಾದ ಕಣ್ಣು ಒಂದೇ ದಿನಕ್ಕೆ ಸುಮ್ಮನಾಗುವುದಿಲ್ಲ.

ಕಣದಲ್ಲಿ ತೂರಿದವರಿಗೆ ಇದು ಗೊತ್ತು. ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತು, ತುಂಬಿದ ಬುಟ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಸಣ್ಣಗೆ ಅಲುಗಾಡಿಸುತ್ತ ಸುರಿದರೆ ಕಾಳು ನೆಟ್ಟಗೆ ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು ತನ್ನ ಪಾಡಿಗೆ ತಾನು ಹಾರಿಹೋಗುತ್ತದೆ. ಫಾಲ್ಗುಣದ ದಿನಗಳಲ್ಲಿ ಮುಂಜಾನೆ ಒಂದು ಗಾಳಿ, ಮಧ್ಯಾಹ್ನ ಅದಕ್ಕೆ ಎದುರಾಗಿ ಇನ್ನೊಂದು. ಎರಡರ ನಡುವೆ ಸ್ವಲ್ಪ ಹೊತ್ತು ಏನೂ ಇರುವುದಿಲ್ಲ. ಗಾಳಿ ಕುಂತಿತು ಅನ್ನುತ್ತೇವೆ ನಾವು. ಆಗ ಜಾಲಿಯ ಎಲೆ ಅಲುಗುವುದಿಲ್ಲ, ಎತ್ತಿನ ಕೊರಳ ಗಂಟೆ ಎಲ್ಲೋ ಬೇರೆ ಊರಿನಲ್ಲಿ ಬಾರಿಸಿದ ಹಾಗೆ ಕೇಳುತ್ತದೆ, ಬುಟ್ಟಿ ಎತ್ತಿ ನಿಂತ ನಾನು ಇನ್ನೂ ನಿಂತಿದ್ದೇನೋ, ನಿಂತಲ್ಲೇ ನಿದ್ದೆ ಹೋಗಿದ್ದೇನೋ ತಿಳಿಯುವುದಿಲ್ಲ.

ನಮ್ಮ ಮಾವ ಮಣೆಯ ಕೆಳಗೆ ಕೂತು ಗಾಳಿಯ ಹೆಸರು ಹೇಳುತ್ತಿದ್ದರು. ಅವರು "ಮೂಡಗಾಳಿ" ಅಂದರೆ ಮೂಡಣ ಕಡೆ ಕೂತ ಹೆಂಗಸರು ಸೆರಗನ್ನು ಮುಖಕ್ಕೆ ಎಳೆದುಕೊಂಡು ಏಳುತ್ತಿದ್ದರು, ಯಾಕೆಂದರೆ ಹೊಟ್ಟು ಅವರ ಕಣ್ಣಿಗೇ ಬರುವುದು. ಮೂಡಣಕ್ಕೆ ಹೋಗುವ ಗಾಳಿ ಮೂಡಗಾಳಿ, ಪಡುವಣಕ್ಕೆ ಹೋಗುವುದು ಪಡುಗಾಳಿ. ನಾನು ಬಾಲಗಾಂವದಿಂದ ಈ ಮುಚ್ಚಂಡಿಗೆ ಸೊಸೆಯಾಗಿ ಬಂದ ವರ್ಷವೇ ಕಲಿತದ್ದು ಇದು. ಬೇರೆ ಥರ ಹೇಳುವವರು ಇದ್ದಾರೆಂದು ಯಾರೂ ಹೇಳಲಿಲ್ಲ.

ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಆಗ ವಿನಯಾ ಎಂಬ ಹುಡುಗಿ ಬಾಡಿಗೆಗೆ ಇದ್ದಳು. ಕಾರವಾರದ ಕಡೆಯವಳು. ಗುಡ್ಡದ ಮೇಲಿನ ಪವನಚಕ್ಕಿಗಳನ್ನು ಹತ್ತಿ ರಿಪೇರಿ ಮಾಡುವುದು ಆಕೆಯ ಕೆಲಸ. ಆಕೆಯ ಆಟವೂ ಗಾಳಿಯದೇ. ಮೂರು ಹಾಸಿಗೆ ಜೋಡಿಸಿದಷ್ಟು ದೊಡ್ಡ ಗಾಳಿಪಟ, ಅದರ ಹಗ್ಗ ಸೊಂಟದ ಕೊಂಡಿಗೆ, ಕಾಲ ಕೆಳಗೆ ಒಂದು ಹಲಗೆ. ಗಾಳಿ ಎಳೆದ ಕಡೆ ನೀರಿನ ಮೇಲೆ ಜಾರಿಕೊಂಡು ಹೋಗುವುದು. ಕೈಟ್‌ಬೋರ್ಡಿಂಗ್ ಅನ್ನುತ್ತಿದ್ದಳು. ಕಾಲುವೆಯ ನೀರು ಬಂದಮೇಲೆ ಬೇಸಿಗೆಯಲ್ಲೂ ತುಂಬಿರುವ ನಮ್ಮ ಕೆರೆಯನ್ನು ನೋಡಿ ಆಕೆಗೆ ಸಮುದ್ರದ ಆಸೆ ಹುಟ್ಟಿತ್ತು. ಆದರೆ ಫೋನು ಹೇಳುವುದು ತಾಲೂಕಿನ ಊರಾದ ಜತ್ತಿನ ಗಾಳಿ, ಪವನಚಕ್ಕಿ ಹೇಳುವುದು ಗುಡ್ಡದ ಗಾಳಿ, ಕೆರೆ ಇರುವುದು ತಗ್ಗಿನಲ್ಲಿ. ಹಾಗಾಗಿ ರಜೆಯ ದಿನ ಮುಂಜಾನೆ ನನ್ನನ್ನು ಕೇಳುತ್ತಿದ್ದಳು. ಜೋರು, ಸಣ್ಣದು ಎಂದಷ್ಟೇ ಹೇಳುತ್ತಿದ್ದೆ, ಗಾಳಿಯ ಹೆಸರು ಹಿಡಿದು ಹೇಳಿರಲಿಲ್ಲ. ನನ್ನನ್ನು ಯಾರೂ ಏನೂ ಕೇಳದ ವಯಸ್ಸು ಅದು. ನನಗೆ ಹಿತವೆನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೋಳಿ ಮುಗಿದ ಮೇಲಿನ ಒಂದು ರವಿವಾರ ಹಾಗೆಯೇ ಕೇಳಿದಳು.

"ಅಜ್ಜಿ, ಇವತ್ತು ಹೇಗೆ?"

"ಈಗ ಸಣ್ಣಾಗಿ ಐತಿ. ಬಿಸಲ ನೆತ್ತಿಗಿ ಬಂದ ಮ್ಯಾಲ ಮೂಡಗಾಳಿ ಏಳತದ. ಭಾಳ ಜೋರ."

"ಮೂಡಗಾಳಿ. ಖಂಡಿತಾ?"

"ಎರಡೆರಡ ಸಲ ಹೇಳಾಕ ನಾ ಏನ ನಿನ್ನ ಫೋನ ಅಲ್ಲ."

ನಗುತ್ತ ಹೋದಳು. ಆಗ ಬೀಸುತ್ತಿದ್ದ ಸಣ್ಣ ಗಾಳಿ ಮೂಡಣದಿಂದ ಬರುತ್ತಿತ್ತು. ಅದೇ ಮಧ್ಯಾಹ್ನಕ್ಕೆ ಜೋರಾಗುತ್ತದೆ ಎಂದು ಆಕೆ ತಿಳಿದುಕೊಂಡಳು. ಇದು ನನಗೆ ಆಮೇಲೆ ಹೊಳೆದದ್ದು.

ಹೊಳೆಸಿದವಳು ಮೆಹಬೂಬಿ. ಗಾದಿ ಹೊಲಿಯುವ ಮನೆಯವಳು, ನನ್ನ ಓರಗೆಯವಳು. ಹೊತ್ತು ಏರಿದ ಮೇಲೆ ಕೆರೆಯ ಕಡೆಯಿಂದ ಬಂದು ಕಟ್ಟೆಯ ಮೇಲೆ ಕೂತಳು.

"ಏ ಬಾಲಗಾಂವಾಕಿ, ನಿನ್ನ ಹುಡುಗಿ ಒಡ್ಡಿನ ಬುಡಕ್ಕ ಒಗ್ಯಾಣ ಹರವ್ಯಾಳ ನೋಡ. ಯಾವ ಆನಿ ಲಂಗನೋ ಏನೋ."

"ಒಡ್ಡಿನ ಬುಡಕ್ಕ ಯಾಕ?"

"ನಾನೂ ಕೇಳಿದ್ನಿ. ಗಾಳಿ ಮೂಡದಿಂದ ಬರತದಂತ, ಒಡ್ಡಿನಿಂದ ದೂರ ತಳ್ಳತದಂತ. ನೀನ ಹೇಳೀಯಂತಲ್ಲ."

ಕೆರೆಯ ಒಡ್ಡು ಇರುವುದು ಮೂಡಣಕ್ಕೆ. ಎರಡಾಳು ಎತ್ತರ, ಮೈತುಂಬ ಚೂಪು ಕಲ್ಲು, ಅದರಾಚೆ ಕರೆಂಟಿನ ತಂತಿ. ನನ್ನ ಗಾಳಿ ಎದ್ದರೆ ಆ ಹುಡುಗಿಯನ್ನು ಪಟದ ಸಮೇತ ಎತ್ತಿ ಆ ಕಲ್ಲಿಗೆ ಬಡಿಯುತ್ತದೆ. ಆಕೆ ಅಲ್ಲಿ ನಿಂತದ್ದು ನನ್ನ ಮಾತು ಹಿಡಿದು.

ಚಪ್ಪಲಿ ಮೆಟ್ಟದೆ ಹೊರಟೆ. ಆಗ ಗಾಳಿ ಕುಂತಿತ್ತು. ಆ ನಡಿಗೆ ಇಂದಿಗೂ ನನ್ನ ಕನಸಿನಲ್ಲಿ ಬರುತ್ತದೆ: ಬಿಸಿಲು ನೆಲದ ಮೇಲೆ ಹಾಲಿನ ಕೆನೆಯ ಹಾಗೆ ಅಲುಗದೆ ಕಟ್ಟಿಕೊಂಡಿದೆ, ದೂರದ ಗುಡ್ಡದ ಮೇಲೆ ಪವನಚಕ್ಕಿಗಳು ಮೂರೂ ರೆಕ್ಕೆ ಚಾಚಿ ನಿದ್ದೆ ಮಾಡುತ್ತಿವೆ, ನನ್ನ ಕಾಲುಗಳು ನಡೆಯುತ್ತಿವೆ ಆದರೆ ಹೊಲದ ಬದುಗಳು ಹಿಂದೆ ಸರಿಯುತ್ತಿಲ್ಲ, ಮೆಹಬೂಬಿ ಹಿಂದಿನಿಂದ ಏನೋ ಕೂಗುತ್ತಿದ್ದಾಳೆ, ಆ ಕೂಗು ನನ್ನವರೆಗೆ ಬರದೆ ನಡುವೆಯೇ ನಿಂತುಬಿಡುತ್ತಿದೆ. ಇಷ್ಟು ಶಾಂತವಾದ ಹೊತ್ತನ್ನು ನಾನು ಮತ್ತೆ ಕಂಡಿಲ್ಲ. ಇಷ್ಟು ಹೆದರಿದ್ದೂ ಇಲ್ಲ.

ನಾನು ಮುಟ್ಟಿದ್ದು ಕೆರೆಯ ಪಡುವಣ ದಂಡೆ. ಎದುರು ದಂಡೆಯಲ್ಲಿ ವಿನಯಾ ಎದೆಮಟ್ಟ ನೀರಿನಲ್ಲಿ ನಿಂತಿದ್ದಳು, ಪಟ ಜೋತು ನೀರಿಗೆ ಬಿದ್ದಿತ್ತು. ಕೂಗಿದೆ, ಕೇಳಲಿಲ್ಲ. ಕೈ ಬೀಸಿದೆ, ಆಕೆಯೂ ಕೈ ಬೀಸಿದಳು. ಆಗ ಬೆನ್ನಿಗೆ ತಣ್ಣಗೆ ಏನೋ ತಾಗಿತು. ಗಾಳಿ ನನ್ನ ಹಿಂದೆಯೇ ಬಂದು ನಿಂತಿತ್ತು.

ದಂಡೆಯ ಮೇಲೆ ಮಷೀನು ಉಗುಳಿಹೋದ ಹೊಟ್ಟಿನ ಗುಡ್ಡೆಯಿತ್ತು, ಪಕ್ಕದಲ್ಲಿ ಯಾರೋ ಬಿಟ್ಟ ಬುಟ್ಟಿ. ತುಂಬಿ, ತಲೆಯ ಮೇಲೆ ಎತ್ತಿ ತೂರಿದೆ. ಮತ್ತೆ ತುಂಬಿದೆ, ಮತ್ತೆ ತೂರಿದೆ. ಕಾಳಿಲ್ಲದ ಬರೀ ಹೊಟ್ಟು ಬಿಸಿಲಿನಲ್ಲಿ ಮಿಣಮಿಣ ಮಿನುಗುತ್ತ ನೀರಿನ ಮೇಲೆ ಉದ್ದಕ್ಕೆ ಹರಿದು, ಆಕೆಯ ಕಡೆಗೇ, ಒಡ್ಡಿನ ಕಡೆಗೇ ಹೋಯಿತು. ಆಕೆ ಅದನ್ನು ನೋಡಿದಳು. ಕೆರೆಯ ಮೈ ನನ್ನ ಕಡೆಯಿಂದ ನವಿರೇಳುತ್ತ ಬರುವುದನ್ನೂ ನೋಡಿದಳು. ಸೊಂಟದ ಕೊಂಡಿ ಕಳಚಿ ನೀರಿನಲ್ಲಿ ಮುಳುಗಿದಳು. ಪಟ ಒಂದೇ ಏಟಿಗೆ ಎದ್ದು, ಒಡ್ಡಿನ ಕಲ್ಲಿಗೆ ಉಜ್ಜಿಕೊಂಡು, ಮೇಲಿನ ಜಾಲಿಯಲ್ಲಿ ಸಿಕ್ಕು, ಪರ್ ಎಂದು ಹರಿಯಿತು.

ಆಕೆ ದಂಡೆ ಸುತ್ತಿ ನನ್ನ ಕಡೆ ಬಂದಾಗ ಮೊಣಕಾಲು ತರಚಿತ್ತು, ತುಟಿ ಬೆಳ್ಳಗಾಗಿತ್ತು.

"ಅಜ್ಜಿ, ನೀವು ಮೂಡಗಾಳಿ ಅಂದಿರಿ."

"ಹೂಂ. ಮೂಡಕ್ಕ ಹೋತು. ನಿನ್ನ ಪಟ ಎಲ್ಲೈತಿ ನೋಡ."

"ಪೂರ್ವದಿಂದ ಬಂದರೆ ಮೂಡಗಾಳಿ. ನಮ್ಮ ಸಮುದ್ರದ ಮೇಲೆ ಎಲ್ಲರೂ ಹಾಗೇ ಹೇಳುವುದು."

"ಬಂದ ದಿಕ್ಕ ತಗೊಂಡ ಏನ ಮಾಡ್ತಿ? ಬಂದದ್ದು ಬಂತು. ಹೋಗಿ ಯಾರ ಕಣ್ಣಾಗ ಬೀಳತದ, ಅದನ್ನ ಹೇಳಬೇಕಲ್ಲ."

ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದಿದ್ದ ಮೆಹಬೂಬಿ ಬಾಯಿ ಹಾಕಿದಳು. "ಹಂಗಿದ್ರ ನಿನಗ ಯಾಕ ಬಾಲಗಾಂವಾಕಿ ಅಂತೀವಿ? ಬಂದ ಊರ ಹಿಡದ ಕರೀತೀವಲ್ಲ."

ನಾನು ಸೆರಗಿನಿಂದ ಹುಡುಗಿಯ ತಲೆ ಒರೆಸತೊಡಗಿದೆ. ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ. ಆ ಮಾತು ನನ್ನ ಬಾಯಿಗೆ ಲಗೂನ ಬರುವುದಲ್ಲ.

ಆದರೆ ಅಂದು ಸಂಜೆ ರೊಟ್ಟಿ ಬಡಿಯುತ್ತ ಮೆಹಬೂಬಿಯ ಮಾತೇ ತಲೆಯಲ್ಲಿ ತಿರುಗಿತು. ಐವತ್ತು ವರ್ಷ ಈ ಊರಿನ ನೀರು ಕುಡಿದು, ಇಲ್ಲಿಯೇ ಹಡೆದು, ಇಲ್ಲಿಯ ಮಣ್ಣಿಗೇ ಹೋಗುವವಳನ್ನು ಊರು ಇನ್ನೂ ಬಿಟ್ಟುಬಂದ ಊರಿನ ಹೆಸರಿನಿಂದ ಕರೆಯುತ್ತದೆ, ಅರೆಗಳಿಗೆ ಕಣದಲ್ಲಿ ಸುಳಿದು ಹೋಗುವ ಗಾಳಿಗೆ ಮಾತ್ರ ಮುಂದಿನ ದಿಕ್ಕಿನ ಹೆಸರು ಕೊಡುತ್ತದೆ. ಹೆಂಗಸು ಎಲ್ಲಿಗೂ ಹೋಗುವವಳಲ್ಲ ಎಂದೋ ಏನೋ. ನೋಡಿರಿ, ಹೆಸರು ಎಂಬುದು ಅರ್ಧ ದಾರಿ. ಉಳಿದರ್ಧ ಕೇಳುವವರಿಗೂ ಗೊತ್ತಿದೆ ಎಂದುಕೊಂಡು ನಾವು ಜೀವಮಾನವಿಡೀ ಮಾತಾಡುತ್ತೇವೆ. ಗೊತ್ತಿಲ್ಲದ ಒಬ್ಬಳು ಬಂದು ನಂಬಿದಾಗ, ಅದೇ ಮಾತು ಆಕೆಯನ್ನು ಕಲ್ಲಿಗೆ ಒಯ್ಯುತ್ತದೆ.

ಮರುದಿನ ಮುಂಜಾನೆ ವಿನಯಾ ಕೆಲಸದ ಬೂಟು ಹಾಕಿಕೊಂಡು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಹೊರಗೆ ಬಂದಳು. ಪಟ ಹರಿದಿತ್ತು, ಹೋಗುವುದು ಗುಡ್ಡಕ್ಕೆ, ಆದರೂ ಕೇಳಿದಳು, "ಅಜ್ಜಿ, ಇವತ್ತು ಯಾವ ಗಾಳಿ?" ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆಕೆಯ ಮುಂಗೈ ಹಿಡಿದು, ಗಾಳಿ ಬರುವ ಕಡೆಗೆ ಚಾಚಿ, ಅಲ್ಲಿಂದ ಅದು ಹೋಗುವ ಕಡೆಯವರೆಗೆ ನಿಧಾನಕ್ಕೆ ಎಳೆದು ಬಿಟ್ಟೆ.