ಮದುವೆಯಾಗದ ಬೇವು

ಹರಿಯಬ್ಬೆಯಲ್ಲಿ ಮೇಷ್ಟ್ರಾಗಿದ್ದ ಕಾಲದಲ್ಲಿ ನನಗೆ ಮರದ ಹುಚ್ಚು ಹಿಡಿಯಿತು. ಶುರುವಾದದ್ದು ಒಂದು ಹೊಂಗೆ ಸಸಿಯಿಂದ. ಅದು ಬದುಕಿತು ನೋಡಿ, ಮರುವರ್ಷ ಊರ ಹೊರಗಿನ ನಮ್ಮ ಕಲ್ಲು ಹೊಲಕ್ಕೆ ಬೇವು, ಹುಣಸೆ, ತಪಸಿ, ಕಮರ ಎಲ್ಲ ಬಂದವು. ರಜೆ ಸಿಕ್ಕರೆ ಹೊಸದುರ್ಗದ ಗುಡ್ಡಗಳಲ್ಲಿ ಬೀಜ ಆರಿಸುತ್ತಿದ್ದೆ. ಪೇಟೆಯ ದೊಡ್ಡ ಮನುಷ್ಯರು ಬಂಗಲೆ ಮುಂದೆ ಹೊರಗಿನಿಂದ ಬಂದ ಸರ್ವೆ ಮರ ನೆಟ್ಟು ಮೀಸೆ ತಿರುವಿದರೆ ನನಗೆ ಮೈ ಉರಿಯುತ್ತಿತ್ತು. ಈ ಮಣ್ಣಿನಲ್ಲಿ ಹುಟ್ಟಿದ ಮರ ಇವರ ಕಣ್ಣಿಗೆ ಕಾಣುವುದಿಲ್ಲವೇ ಎಂದು ಸಿಕ್ಕವರ ಮುಂದೆಲ್ಲ ಕೂಗಾಡುತ್ತಿದ್ದೆ.

ಕೂಗಾಡಿದವನು ನಾನು, ನೀರು ಹೊತ್ತವಳು ನನ್ನ ಹೆಂಡತಿ. ನಮಗೆ ಮಕ್ಕಳಿರಲಿಲ್ಲ. ಹೊಲದ ನಡುವೆ ಒಂದೇ ಗುಂಡಿಯಲ್ಲಿ ಅವಳು ಅರಳಿ, ಬೇವು ಜೋಡಿಯಾಗಿ ನೆಟ್ಟಿದ್ದಳು. ಅವು ಆಳೆತ್ತರ ಬೆಳೆದಾಗಿನಿಂದ ಅವಳದು ಒಂದೇ ಮಾತು: “ಕಟ್ಟೆ ಕಟ್ಟಿಸಿ ಇವಕ್ಕೆ ಮದ್ವೆ ಮಾಡಾಣ. ಮದ್ವೆ ಆದ್ರೆ ತೋಪೆಲ್ಲ ದೇವ್ರದಾಗ್ತೈತೆ, ಯಾರೂ ಕೊಡ್ಲಿ ಹಚ್ಚಲ್ಲ ಕಣ್ರಿ.”

ನಾನು ನಾಲ್ಕಕ್ಷರ ಕಲಿತವನು. “ಮರಕ್ಕೆ ತಾಳಿ ಕಟ್ಟೋದಾ? ಸುಮ್ನಿರು, ನಗ್ತಾರೆ” ಎಂದು ಆರೇಳು ವರ್ಷ ದೂಡಿದೆ. ಶಾಲೆಯಲ್ಲೂ ಇದನ್ನೇ ಹೇಳಿ ಮಕ್ಕಳನ್ನು ನಗಿಸಿದ್ದೆ, ಅದು ಊರೆಲ್ಲ ಹಬ್ಬಿತ್ತು.

ಆ ವರ್ಷ ಊರಲ್ಲಿ ಇಲಿ ಬಿದ್ದವು. ಪ್ಲೇಗು ಎಂದ ಮೇಲೆ ಕೇಳಬೇಕೇ, ಮೂರೇ ದಿನಕ್ಕೆ ಊರಿಗೆ ಊರೇ ಮನೆ ಬಿಟ್ಟು ಹೊಲಗಳಿಗೆ ಬಂತು. ಮಾಗಿಯ ಚಳಿಯಲ್ಲಿ ಹಸುಗೂಸು, ಬಾಣಂತಿ ಎನ್ನದೆ ಎಲ್ಲರೂ ಬಯಲಲ್ಲಿ. ಗುಡಿಸಲಿಗೆ ಗಳ ಬೇಕಿತ್ತು. ಪಕ್ಕದ ಹೊಲದ ಅಜ್ಜ ಕೊಡಲಿ ಹಿಡಿದು ಬಂದವನು ಬದುವಿನಾಚೆಯೇ ನಿಂತು ಕೇಳಿದ: “ಮೇಷ್ಟ್ರೇ, ಇವು ದೇವ್ರ ಮರ ಏನ್ರಿ? ಜೋಡಿಗೆ ಮದ್ವೆ ಆಗೈತಾ?”

ಹೆಂಡತಿ ನನ್ನ ಮುಖ ನೋಡಿದಳು. ಹೌದು ಎಂದು ಒಂದು ಸುಳ್ಳು ಹೇಳಿದ್ದರೆ ಅಜ್ಜ ಕೈಮುಗಿದು ಬೇರೆ ಕಡೆ ಹೋಗುತ್ತಿದ್ದನೇನೋ. ಆದರೆ ಮರದ ಮದುವೆ ಎಂದರೆ ನಗುತ್ತಿದ್ದ ನಾನೇ ಹಾಗೆ ಹೇಳಿದ್ದರೆ ನಂಬುವವರು ಯಾರು? “ಆಗಿಲ್ಲ” ಎಂದೆ.

ಸಂಜೆಯೊಳಗೆ ಹೊಲ ಬೋಳಾಯಿತು. ಅರಳಿಯೊಂದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದನ್ನು ಕಡಿಯುವ ಎದೆ ನಮ್ಮ ಕಡೆ ಯಾರಿಗೂ ಇಲ್ಲ. ಅದರ ಜೊತೆಯ ಬೇವು ನಮ್ಮ ಗುಡಿಸಲಿನ ನಡುಗಂಬವಾಯಿತು. ಎರಡು ತಿಂಗಳು ಅದಕ್ಕೇ ಒರಗಿ ಕೂತು ಮುದ್ದೆ ಉಂಡೆ. ಹೆಂಡತಿ ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಎದೆ ಸ್ವಲ್ಪ ಹಗುರಾಗುತ್ತಿತ್ತು.

ರೋಗ ಇಳಿದ ಮೇಲೆ, ಊರಿಗೆ ಮರಳುವ ಮುಂಚೆ ಗುಡಿಸಲುಗಳನ್ನೆಲ್ಲ ಸುಡಬೇಕೆಂದು ಅಪ್ಪಣೆಯಾಯಿತು. ನಮ್ಮದಕ್ಕೆ ನಾನೇ ಕೊಳ್ಳಿ ಇಟ್ಟೆ. ಬೇವು ಇನ್ನೂ ಹಸಿಯಿತ್ತು, ಬೇಗ ಹತ್ತಲಿಲ್ಲ. ಅವಳು ಹೊತ್ತ ನೀರೇ ಅದರೊಳಗಿದೆ ಅನ್ನಿಸಿ ಅಲ್ಲಿ ನಿಲ್ಲಲಾಗಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮುಂಗಾರು ಹಿಡಿದಾಗ ನಾಚಿಕೆ ಬಿಟ್ಟು ಒಂದು ಬೇವಿನ ಸಸಿ ತಂದು ಹಿತ್ತಲಲ್ಲಿಟ್ಟೆ. ಇದನ್ನು ಅರಳಿಯ ಪಕ್ಕ ನೆಟ್ಟು, ಈ ಸಲ ಮೊದಲೇ ಓಲಗ ಊದಿಸಿ ಮದುವೆ ಮಾಡಿಬಿಡೋಣ ಎಂದೆ. ಅವಳು ಕಾಳು ಕೇರುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ.

“ಅದಕ್ಕೆ ಎರಡ್ನೇ ಸಂಬಂಧ ಬ್ಯಾಡ್ರಿ” ಎಂದಳು. “ನನ್ ಕೈಲಿ ಇನ್ನು ನೀರು ಹೊರಾಕಾಗಲ್ಲ.”

ಸಸಿ ಹಿತ್ತಲಲ್ಲೇ ಒಣಗಿತು. ನಾನೂ ನೀರು ಹಾಕಲಿಲ್ಲ.